ಬಿರುಕು ಬಿಟ್ಟ ಮ್ಯಾಕರಾನ್ ಎಸೀಬೇಡಿ

ಓವನ್ನಿಂದ ತೆಗೆದ ಮ್ಯಾಕರಾನ್ ಮೇಲೆ ಬಿರುಕು ಬಿಟ್ಟಿದೆಯಾ? ಬುಡ ನೋಡಿ. ಸುತ್ತಲೂ ನೊರೆನೊರೆ ಅಂಚು ಮೂಡಿಲ್ಲ ಅಂದ್ರೆ, ಹಿಟ್ಟು ಸರಿಯಾಗಿ ಆರುವ ಮೊದಲೇ ಓವನ್ ಸೇರಿರಬಹುದು. ಟ್ರೇಗೆ ಹಾಕಿದ ಮೇಲೆ 30ರಿಂದ 60 ನಿಮಿಷ ಹಾಗೇ ಬಿಡಿ. ಬೆರಳಿಂದ ಮೆಲ್ಲಗೆ ಮುಟ್ಟಿದರೆ ಅಂಟಬಾರದು. ಮೇಲೆ ತೆಳು ಪೊರೆ ಕಟ್ಟಿದ್ರೆ, ಉಗಿ ನೆತ್ತಿ ಸೀಳದೆ ಬುಡದಿಂದ ಹೊರಬರುತ್ತೆ. ಅಂಚು ಮೂಡೋದೇ ಹಾಗೆ. ಮಳೆಗಾಲದ ಮಂಗಳೂರಲ್ಲಾದ್ರೆ ಇನ್ನೂ ಹೆಚ್ಚು ಹೊತ್ತು ಬೇಕು, ಫ್ಯಾನ್ ಹಾಕಿ.

ಹರಡಿ ಚಪ್ಪಟೆ ಆಯ್ತಾ? ಕಲಸಿದ್ದು ಜಾಸ್ತಿ. ಹಿಟ್ಟು ಸ್ಪ್ಯಾಚುಲಾದಿಂದ ಕಡಿಯದೆ ಪಟ್ಟಿಯಾಗಿ ಇಳಿದ ತಕ್ಷಣ ಕೈ ನಿಲ್ಲಿಸಿ.

ಓವನ್ನಿನ ಡಯಲ್ ಮಾತ್ರ ನಂಬಬೇಡಿ, ಒಳಗೊಂದು ಥರ್ಮಾಮೀಟರ್ ಇಡಿ. 150 ಡಿಗ್ರಿ ಸೆಲ್ಸಿಯಸ್ ಆಸುಪಾಸು ಸಾಕು. ಮುಂದಿನ ಸಲ ಇವುಗಳಲ್ಲಿ ಒಂದನ್ನೇ ಬದಲಿಸಿ, ಆಗಲೇ ಕಾರಣ ಸಿಗೋದು. ಒಡೆದದ್ದನ್ನ ಪುಡಿ ಮಾಡಿ ಐಸ್‌ಕ್ರೀಮ್ ಮೇಲೆ ಉದುರಿಸಿ, ಬಲು ರುಚಿ!