ಕಾವುಪೆಟ್ಟಿಗೆಯಲ್ಲಿ ಇಪ್ಪತ್ತೆಂಟು ದಿನ

ಮೊಟ್ಟೆಯಿಡುವುದರಲ್ಲಿ ಸಾಕು ಬಾತುಕೋಳಿಯು ಬಹು ಉದಾರಿ. ಆದರೆ ಇಟ್ಟ ಮೊಟ್ಟೆಯ ಮೇಲೆ ಕುಳಿತು ಕಾವು ಕೊಡುವ ತಾಳ್ಮೆ ಅದಕ್ಕಿಲ್ಲ. ಇದು ಅದರ ತಪ್ಪಲ್ಲ, ನಮ್ಮದು. ಕಾವಿಗೆ ಕುಳಿತ ಹಕ್ಕಿಯು ಮೊಟ್ಟೆಯಿಡುವುದನ್ನು ನಿಲ್ಲಿಸುತ್ತದೆ. ಆದುದರಿಂದ ಹೆಚ್ಚು ಮೊಟ್ಟೆಗಳನ್ನು ಬಯಸಿದ ಮನುಷ್ಯನು ಕಾವಿಗೆ ಕೂರದ ಹಕ್ಕಿಗಳನ್ನೇ ತಲೆತಲಾಂತರದಿಂದ ಆರಿಸಿ ಬೆಳೆಸಿದನು. ವರ್ಷಕ್ಕೆ ಮುನ್ನೂರರ ಸಮೀಪ ಮೊಟ್ಟೆಯಿಡಬಲ್ಲ ಖಾಕಿ ಕ್ಯಾಂಬೆಲ್ ತಳಿಯು ಈ ಆಯ್ಕೆಯ ಫಲ. ತಾಯ್ತನದ ಒಂದು ಭಾಗವನ್ನೇ ಅದು ಮರೆತಿದೆ. ಕೇರಳದ ಕುಟ್ಟನಾಡಿನಲ್ಲಿ ಬಾತು ಸಾಕುವವರು ಹಿಂದಿನಿಂದಲೂ ಈ ಕೆಲಸವನ್ನು ಹೇಂಟೆಗೆ ಒಪ್ಪಿಸುತ್ತಿದ್ದರು. ಹೇಂಟೆ ಪಾಪ, ತನ್ನ ಮೊಟ್ಟೆಗೆ ಬೇಕಾದ ೨೧ ದಿನಗಳ ಬದಲು ೨೮ ದಿನ ಕುಳಿತು, ಕೊನೆಗೆ ತನ್ನ ಮಕ್ಕಳು ನೀರಿಗೆ ಧುಮುಕುವುದನ್ನು ಕಂಡು ದಡದಲ್ಲಿ ಗೋಳಾಡುತ್ತದೆ!

ಹೇಂಟೆ ದೊರೆಯದವರಿಗೆ ಕಾವುಪೆಟ್ಟಿಗೆಯೇ ಗತಿ. ಗೋಡೆಗಳು ಶಾಖವನ್ನು ಹೊರಬಿಡದಂಥ ಒಂದು ಪೆಟ್ಟಿಗೆ, ಶಾಖಕ್ಕೆ ಒಂದು ಹಳೆಯ ಮಾದರಿಯ ತಂತಿಯ ಬಲ್ಬು (ಇಂದಿನ ಎಲ್‌ಇಡಿ ದೀಪಗಳು ಈ ಕೆಲಸಕ್ಕೆ ಬಾರವು; ಅವು ಬೆಳಕಿನಲ್ಲಿ ಉದಾರಿಗಳು, ಶಾಖದಲ್ಲಿ ಜಿಪುಣರು), ಶಾಖವನ್ನು ಹತೋಟಿಯಲ್ಲಿಡಲು ಒಂದು ಥರ್ಮೋಸ್ಟಾಟ್, ಒಂದು ಉಷ್ಣಮಾಪಕ, ಒಂದು ತಟ್ಟೆ ನೀರು. ಒಳಗೆ ಪುಟ್ಟ ಬೀಸಣಿಗೆಯಿದ್ದರೆ ಉಷ್ಣತೆ ೩೭.೫ ಡಿಗ್ರಿ ಸೆಂಟಿಗ್ರೇಡ್ ಇರಬೇಕು. ಬೀಸಣಿಗೆ ಇಲ್ಲದಿದ್ದರೆ ಬಿಸಿ ಗಾಳಿ ಮೇಲಕ್ಕೇರಿ ನಿಲ್ಲುವುದರಿಂದ, ಮೊಟ್ಟೆಗಳ ನೆತ್ತಿಯ ಮಟ್ಟದಲ್ಲಿ ಅಳೆದು, ಸುಮಾರು ಒಂದು ಡಿಗ್ರಿ ಹೆಚ್ಚಿಡುವುದು ವಾಡಿಕೆ. ಅಕಸ್ಮಾತ್ ಗಂಟೆಯೊಂದೆರಡು ವಿದ್ಯುತ್ತು ಹೋದರೆ ಗಾಬರಿಪಡಬೇಕಾಗಿಲ್ಲ. ತಾಯಿಹಕ್ಕಿಯೂ ಮೇವಿಗಾಗಿ ಗೂಡು ಬಿಟ್ಟು ಹೋಗುತ್ತದಷ್ಟೆ. ಶಾಖ ಮಿತಿಮೀರುವುದೇ ಹೆಚ್ಚಿನ ಅಪಾಯ. ತಂಪಾದ ಭ್ರೂಣದ ಬೆಳವಣಿಗೆ ನಿಧಾನವಾಗುತ್ತದೆ. ಬೆಂದ ಭ್ರೂಣ ಮರಳಿ ಬಾರದು.

ಆದರೆ ಬಾತುಮೊಟ್ಟೆಯ ವಿಷಯದಲ್ಲಿ ಉಷ್ಣತೆಗಿಂತ ಹೆಚ್ಚಾಗಿ ಜನ ಎಡವುವುದು ನೀರಿನ ಲೆಕ್ಕದಲ್ಲಿ. ಮೊಟ್ಟೆಯ ಚಿಪ್ಪು ನಮ್ಮ ಕಣ್ಣಿಗೆ ಗಟ್ಟಿಗೋಡೆಯಂತೆ ತೋರಿದರೂ ಅದರಲ್ಲಿ ಸಾವಿರಾರು ಸೂಕ್ಷ್ಮ ರಂಧ್ರಗಳಿವೆ. ಭ್ರೂಣವು ಉಸಿರಾಡುವುದು ಇವುಗಳ ಮೂಲಕ. ಅದಕ್ಕೆ ಆಗಿನ್ನೂ ಶ್ವಾಸಕೋಶದ ಉಪಯೋಗವಿಲ್ಲ. ಚಿಪ್ಪಿನ ಒಳಮೈಗೆ ಅಂಟಿಕೊಂಡು ಹರಡಿದ, ರಕ್ತನಾಳಗಳಿಂದ ತುಂಬಿದ ಪೊರೆಯೊಂದೇ ಅದರ ಶ್ವಾಸಾಂಗ. ಅಮೆರಿಕದ ಹರ್ಮನ್ ರಾನ್ ಮತ್ತು ಅವರ ಸಂಗಡಿಗರು ೧೯೭೦ರ ದಶಕದಲ್ಲಿ ಈ ಉಸಿರಾಟವನ್ನು ಅಳೆದರು. ೬೦ ಗ್ರಾಂ ತೂಕದ ಕೋಳಿಮೊಟ್ಟೆಯೊಂದು ೨೧ ದಿನಗಳಲ್ಲಿ ಸುಮಾರು ೬ ಲೀಟರ್ ಆಮ್ಲಜನಕವನ್ನು ಒಳಗೆಳೆದು, ೪.೫ ಲೀಟರ್ ಇಂಗಾಲಾಮ್ಲ ವಾಯುವನ್ನೂ ೧೧ ಲೀಟರ್ ನೀರಾವಿಯನ್ನೂ ಹೊರಬಿಡುತ್ತದೆ. ಅಂಗೈಯಲ್ಲಿ ಅಡಗುವ ವಸ್ತುವಿನ ವ್ಯಾಪಾರವೆಷ್ಟೆಂಬುದನ್ನು ನೋಡಿರಿ!

ಈ ನೀರಾವಿ ಹೋಗಲೇಬೇಕು. ಹೋದ ನೀರಿನ ಜಾಗದಲ್ಲಿ ಮೊಟ್ಟೆಯ ದಪ್ಪ ತುದಿಯಲ್ಲಿ ಗಾಳಿಯ ಕೋಣೆಯೊಂದು ಹಿಗ್ಗುತ್ತದೆ. ಮರಿಯ ಮೊದಲ ಉಸಿರು ಅಲ್ಲಿಯದೇ. ಪೆಟ್ಟಿಗೆಯೊಳಗೆ ತೇವ ಹೆಚ್ಚಾದರೆ ಕೋಣೆ ಚಿಕ್ಕದಾಗಿ ಮರಿ ಒಳಗೇ ಮುಳುಗಿದಂತಾಗುವುದು. ತೇವ ಕಡಿಮೆಯಾದರೆ ಪೊರೆ ಒಣಗಿ ಮರಿಯನ್ನು ಕಟ್ಟಿಹಾಕುವುದು. ಮೊದಲ ೨೫ ದಿನ ಶೇಕಡಾ ೫೫ರ ಸುಮಾರು, ಅನಂತರ ೭೦ಕ್ಕೆ ಕಡಿಮೆಯಿಲ್ಲದಂತೆ ಆರ್ದ್ರತೆಯನ್ನಿಡಬೇಕೆಂಬುದು ಸಾಮಾನ್ಯ ನಿಯಮ. ಆದರೆ ಆರ್ದ್ರತಾಮಾಪಕಕ್ಕಿಂತ ತಕ್ಕಡಿ ನಂಬಿಕಸ್ಥ ಸಾಕ್ಷಿ. ೭೦ ಗ್ರಾಂ ತೂಗುವ ಮೊಟ್ಟೆಯು ೧೪ನೆಯ ದಿನ ಸುಮಾರು ೬೫ ಗ್ರಾಂ, ೨೫ನೆಯ ದಿನ ೬೧ ಅಥವಾ ೬೨ ಗ್ರಾಂ ತೂಗಬೇಕು. ತೂಕ ಬೇಗ ಇಳಿಯುತ್ತಿದ್ದರೆ ನೀರಿನ ತಟ್ಟೆಯನ್ನು ಹಿರಿದಾಗಿಸಿರಿ, ಇಳಿಯದಿದ್ದರೆ ಕಿರಿದಾಗಿಸಿರಿ. ಇಲ್ಲಿ ಎಣಿಕೆಗೆ ಬರುವುದು ನೀರಿನ ಆಳವಲ್ಲ, ಗಾಳಿಗೆ ತೆರೆದ ಅದರ ಮೈಯ ಅಗಲ.

ಮೊಟ್ಟೆಗಳು ಏಳು ದಿನಕ್ಕಿಂತ ಹಳೆಯವಾಗಿರದಿದ್ದರೆ ಮೇಲು. ಅವುಗಳನ್ನು ದಿನಕ್ಕೆ ಮೂರು ಬಾರಿಯಾದರೂ ಹೊರಳಿಸದಿದ್ದರೆ ಭ್ರೂಣವು ಪೊರೆಗೆ ಅಂಟಿಕೊಂಡುಬಿಡುವುದುಂಟು. ಏಳನೆಯ ರಾತ್ರಿ ಕತ್ತಲೆಕೋಣೆಯಲ್ಲಿ ಮೊಟ್ಟೆಯ ಹಿಂದೆ ಟಾರ್ಚು ಹಿಡಿದರೆ, ಜೇಡನ ಕಾಲುಗಳಂತೆ ಚಾಚಿದ ಕೆಂಪು ರಕ್ತನಾಳಗಳು ಕಾಣುತ್ತವೆ. ತಿಳಿಯಾಗಿ ಹೊಳೆಯುವುದು ಬಂಜೆಮೊಟ್ಟೆ. ಬರಿಯ ರಕ್ತದ ಬಳೆಯೊಂದು ಕಂಡರೆ ಭ್ರೂಣ ಸತ್ತಿದೆಯೆಂದು ತಿಳಿಯಬೇಕು. ಇವೆರಡನ್ನೂ ತೆಗೆದುಬಿಡುವುದು ಒಳಿತು. ಕೊಳೆತ ಮೊಟ್ಟೆ ಸಿಡಿದರೆ ನೆರೆಯವುಗಳೂ ಕೆಡುತ್ತವೆ.

೨೫ನೆಯ ದಿನ ಹೊರಳಿಸುವುದನ್ನು ನಿಲ್ಲಿಸಬೇಕು. ಇನ್ನು ಮುಂದಿನ ಕೆಲಸ ಮರಿಯದು. ಅದು ಮೊದಲು ಕೊಕ್ಕಿನಿಂದ ಗಾಳಿಯ ಕೋಣೆಯ ಪೊರೆಯನ್ನು ಚುಚ್ಚಿ ಶ್ವಾಸಕೋಶದಿಂದ ಉಸಿರೆಳೆಯುತ್ತದೆ. ಕಿವಿಗೊಟ್ಟರೆ ಚಿಪ್ಪಿನೊಳಗಿನಿಂದ ಕೀಚುದನಿ ಕೇಳಿಸುವುದು. ಆ ದನಿ ವ್ಯರ್ಥವಲ್ಲ. ಗಿಲ್ಬರ್ಟ್ ಗಾಟ್ಲೀಬ್ ಎಂಬ ವಿಜ್ಞಾನಿಯ ಪ್ರಯೋಗಗಳಲ್ಲಿ, ತಮ್ಮ ದನಿಯನ್ನಾಗಲಿ ಒಡಹುಟ್ಟುಗಳ ದನಿಯನ್ನಾಗಲಿ ಕೇಳದೆ ಹುಟ್ಟಿದ ಬಾತುಮರಿಗಳು ತಾಯಿಬಾತಿನ ಕರೆಯನ್ನೂ ಕೋಳಿಯ ಕರೆಯನ್ನೂ ಬೇರ್ಪಡಿಸಲಾರದೆ ಹೋದವು. ಮೊಟ್ಟೆಯೊಳಗೇ ಪಾಠ ನಡೆದಿರುತ್ತದೆ ಎನ್ನಬೇಕು.

ಮುಂದೆ ಕೊಕ್ಕಿನ ತುದಿಯಲ್ಲಿರುವ 'ಮೊಟ್ಟೆಹಲ್ಲು' ಎಂಬ ಗಟ್ಟಿ ಮೊನೆಯಿಂದ ಚಿಪ್ಪಿನಲ್ಲಿ ಒಂದು ಬಿರುಕು ಮೂಡುತ್ತದೆ. ಆಮೇಲೆ ಗಂಟೆಗಟ್ಟಲೆ ಏನೂ ನಡೆಯದು. ಒಂದು ಹಗಲು, ಒಂದು ರಾತ್ರಿ ಕಳೆಯಬಹುದು. ನೋಡುವವನ ಕೈ ತುರಿಸುವುದು ಆಗಲೇ. ಮರಿ ಸೋತಿದೆಯೆಂದು ಬಗೆದು ಚಿಪ್ಪನ್ನು ಬಿಡಿಸಲು ಹೊರಟವರು ಎಷ್ಟೋ ಮರಿಗಳನ್ನು ಕೊಂದಿದ್ದಾರೆ. ಏಕೆಂದರೆ ಆ ನಿಶ್ಶಬ್ದದ ವೇಳೆಯಲ್ಲಿ ಎರಡು ಮಹತ್ಕಾರ್ಯಗಳು ನಡೆಯುತ್ತಿರುತ್ತವೆ. ಉಸಿರಾಟದ ಪೊರೆಯಲ್ಲಿ ಹರಿಯುತ್ತಿದ್ದ ರಕ್ತವು ಮರಿಯ ದೇಹಕ್ಕೆ ಹಿಂದಿರುಗುತ್ತಿರುತ್ತದೆ. ಉಳಿದ ಹಳದಿಯ ಚೀಲವು ಹೊಕ್ಕುಳಿನ ಮೂಲಕ ಹೊಟ್ಟೆಯೊಳಕ್ಕೆ ಸೇರುತ್ತಿರುತ್ತದೆ. ಅವಧಿಗೆ ಮುಂಚೆ ಪೊರೆ ಹರಿದರೆ ಮರಿ ರಕ್ತ ಸುರಿಸಿ ಸಾಯುವುದು. ಪೆಟ್ಟಿಗೆಯ ಮುಚ್ಚಳವನ್ನು ಪದೇ ಪದೇ ತೆರೆಯುವುದೂ ಉಪಕಾರವಲ್ಲ. ತೇವ ಹೊರಟುಹೋಗಿ ಪೊರೆ ಒಣಗುತ್ತದೆ. ಸಿದ್ಧವಾದ ಮರಿಯು ಚಿಪ್ಪಿನೊಳಗೆ ಮೆಲ್ಲನೆ ತಿರುಗುತ್ತ, ದಪ್ಪ ತುದಿಯನ್ನು ಮುಚ್ಚಳದಂತೆ ಸುತ್ತಲೂ ಕತ್ತರಿಸಿ, ಕಾಲಿನಿಂದ ಒದ್ದು ಹೊರಬರುತ್ತದೆ.

ಒದ್ದೆ ಮೈ ಒಣಗುವವರೆಗೆ ಅದು ಪೆಟ್ಟಿಗೆಯಲ್ಲೇ ಇರಲಿ. ಹೊಟ್ಟೆಯಲ್ಲಿ ಹಳದಿಯ ಬುತ್ತಿಯಿರುವುದರಿಂದ ಒಂದು ದಿನ ಆಹಾರವಿಲ್ಲದಿದ್ದರೂ ಬಾಧಕವಿಲ್ಲ. ಬಳಿಕ ಸುಮಾರು ೩೨ ಡಿಗ್ರಿ ಬೆಚ್ಚಗಿನ ಮೂಲೆ, ಮೂಗಿನ ಹೊಳ್ಳೆಗಳು ಮುಳುಗುವಷ್ಟು ಆಳವಾದರೂ ಮರಿ ಒಳಗಿಳಿಯಲಾಗದ ನೀರಿನ ಬಟ್ಟಲು, ಪುಡಿಯಾದ ಆಹಾರ ಇವು ಸಾಕು. ಬಾತುಮರಿಗೆ ಕೋಳಿಮರಿಗಿಂತ ಹೆಚ್ಚು ನಯಾಸಿನ್ ಜೀವಸತ್ವ ಬೇಕಾಗುವುದರಿಂದ, ಬರಿಯ ಕೋಳಿಯ ಆಹಾರದ ಮೇಲೆ ಬೆಳೆದರೆ ಕಾಲು ಸೊಟ್ಟಗಾಗುವ ಸಂಭವವುಂಟು. ಮರಿಗಳನ್ನು ಮುಟ್ಟಿದ ಬಳಿಕ ಸೋಪಿನಿಂದ ಕೈ ತೊಳೆಯಿರಿ. ಆರೋಗ್ಯವಾಗಿ ಕಾಣುವ ಮರಿಯೂ ಸಾಲ್ಮೊನೆಲ್ಲ ರೋಗಾಣುವನ್ನು ಹೊತ್ತಿರಬಹುದು. ಒಂದೇ ಮರಿಯನ್ನು ಒಂಟಿಯಾಗಿ ಬೆಳೆಸಲು ಹೋಗಬೇಡಿರಿ. ಕಾನ್ರಾಡ್ ಲಾರೆನ್ಸ್ ೧೯೩೫ರಲ್ಲಿ ವಿವರವಾಗಿ ಬರೆದಂತೆ, ಹುಟ್ಟಿದ ಮೊದಲ ಗಂಟೆಗಳಲ್ಲಿ ಕಂಡ ಚಲಿಸುವ ಆಕೃತಿಯನ್ನೇ ಅದು ತಾಯಿಯೆಂದು ಹಿಂಬಾಲಿಸುತ್ತದೆ. ಆ ಆಕೃತಿ ನೀವಾಗಿದ್ದರೆ, ನೀವು ಕಾಲೇಜಿಗೆ ಹೊರಟಾಗಲೆಲ್ಲ ಮನೆಯವರು ಅದರ ಅರಚಾಟವನ್ನು ಕೇಳಬೇಕಾದೀತು.