‘ರಾವ್’ ಅಂದರೆ ನಿಲ್ಲುವ ಮೋತ್ಯಾ

ಎರಡು ವರ್ಷದ ಹಿಂದಿನ ಫೆಬ್ರವರಿ. ಗೋವಾದ ಸತ್ತರಿ ತಾಲೂಕಿನಲ್ಲಿ, ವಾಳಪೈ ಹತ್ತಿರದ ನಮ್ಮ ಗೇರು ತೋಟದಲ್ಲಿ, ಬೀಜ ಉದುರುವ ಮೊದಲು ಹುಲ್ಲು ಸವರುವ ಕೆಲಸ ನಡೆದಿತ್ತು. ಮೆಷಿನ್ನಿನ ಬ್ಲೇಡು ಪೊದೆಗೆ ತಾಗುವಷ್ಟರಲ್ಲಿ ಕಾಡುಕೋಳಿಯೊಂದು ಬುರ್ರನೆ ಎದ್ದು ಹಾರಿತು. ಮೆಷಿನ್ ಬಂದ್ ಮಾಡುವುದರೊಳಗೆ ಗೂಡು ಚಿಂದಿ, ಐದು ತತ್ತಿ ಒಡೆದು ನೆಲಕ್ಕೆ ಅಂಟಿದ್ದವು. ನಮ್ಮ ಐದು ತಿಂಗಳ ಮರಿ ಮೋತ್ಯಾ ಆ ಹೇಂಟೆಯ ಬೆನ್ನು ಹತ್ತಿ ಕಾಡಂಚಿನವರೆಗೆ ಓಡಿದ. ಕೂಗಿ ಕೂಗಿ ನನ್ನ ಗಂಟಲು ಹರಿದರೂ ತಿರುಗಿ ನೋಡಲಿಲ್ಲ.

ಬೇಲಿಯಾಚೆ ನಿಂತು ಇದನ್ನೆಲ್ಲ ನೋಡುತ್ತಿದ್ದರು ಎಂಬತ್ತು ದಾಟಿದ ನಮ್ಮ ನೆರೆಮನೆಯ ಅಜ್ಜ. ಊರಿಗೆಲ್ಲ ಅವರು ‘ಶಾಪಾಯ್’. 1961ರ ಡಿಸೆಂಬರ್ 19ಕ್ಕೆ ಗೋವಾ ಬಿಡುಗಡೆಯಾಗುವ ಮೊದಲು, ಅಪ್ಪ ಕೋವಿ ಹಿಡಿದು ಬೇಟೆಗೆ ಹೊರಟರೆ ನಾಯಿಯ ಹಗ್ಗ ಹಿಡಿದು ಹಿಂದೆ ನಡೆದವರು. “ನಾಕ್ ಬರೆಂ ಆಸಾ, ಶಿಸ್ತ್ ನಾ” ಅಂದರು. ಮೂಗು ಚಲೋ ಐತಿ, ಶಿಸ್ತು ಇಲ್ಲ!

ಮೋತ್ಯಾನ ತಾಯಿ ಪಾಯಿಂಟರ್ ಜಾತಿ. ತಂದೆ ಯಾರೋ ದೇವರಿಗೇ ಗೊತ್ತು. ನಮ್ಮ ಕಡೆಯವರಿಗೆ ಬೇಟೆನಾಯಿ ಅಂದರೆ ಮುಧೋಳ. ಅದು ಕಣ್ಣಿನ ನಾಯಿ, ಮೊಲ ಕಂಡರೆ ಬಾಣದಂತೆ ಓಡುತ್ತದೆ. ತೇಜಸ್ವಿಯವರ ‘ಪರಿಸರದ ಕತೆ’ ಓದಿದವರಿಗೆ ‘ಕಿವಿ’ ಗೊತ್ತು. ಅದು ಸ್ಪೇನಿಯಲ್, ಪೊದೆಗೆ ನುಗ್ಗಿ ಹಕ್ಕಿ ಎಬ್ಬಿಸುವ ಜಾತಿ. ಪಾಯಿಂಟರ್ ಇವೆರಡೂ ಅಲ್ಲ. ಗಾಳಿಯಲ್ಲಿ ವಾಸನೆ ಹಿಡಿದು, ಹಕ್ಕಿ ಇನ್ನೂ ಹುಲ್ಲಲ್ಲಿ ಅಡಗಿರುವಾಗಲೇ ಮುಂಗಾಲು ಮಡಚಿ, ಬಾಲ ನೆಟ್ಟಗೆ ಮಾಡಿ, ಕಲ್ಲಿನಂತೆ ನಿಂತುಬಿಡುತ್ತದೆ. ಪೋರ್ತುಗೀಜರಲ್ಲೂ ಇಂಥದೊಂದು ತಳಿ ಇದೆ, ‘ಪೆರ್ಡಿಗೇರು’. ‘ಪೆರ್ಡೀಶ್’ ಎಂದರೆ ಗೌಜಲಿನ ಜಾತಿಯ ಹಕ್ಕಿ, ಅದರಿಂದ ಬಂದ ಹೆಸರು.

“ಕಲಿಸಿಕೊಡ್ತೇನೆ, ಆದರೆ ಕೋವಿಯ ಮಾತು ಬೇಡ” ಎಂದು ಶಾಪಾಯ್ ಮೊದಲೇ ಕರಾರು ಹಾಕಿದರು. ಸರಿಯಾದ ಮಾತೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಅಂದರೆ ಕೊಲ್ಲುವುದೊಂದೇ ಅಲ್ಲ. ಬಲೆ ಹಾಕುವುದು, ಅಟ್ಟುವುದು, ಹಕ್ಕಿಯ ತತ್ತಿ-ಗೂಡು ಕೆಡಿಸುವುದು, ಇದಕ್ಕೆಲ್ಲ ಯತ್ನಿಸುವುದೂ ಬೇಟೆಯೇ. ನವಿಲಿನಂಥ ಮೊದಲ ಪಟ್ಟಿಯ ಹಕ್ಕಿಯಾದರೆ ಕಡಿಮೆಯೆಂದರೂ 3 ವರ್ಷ, ಹೆಚ್ಚೆಂದರೆ 7 ವರ್ಷ ಜೈಲು. “ನಾಯಿ ತಾನೇ ಓಡಿತು ಸಾಹೇಬ್ರೇ” ಎಂದು ಫಾರೆಸ್ಟಿನವರ ಮುಂದೆ ಕೈ ಮುಗಿದು ನಿಲ್ಲುವ ಬದಲು ಓಡದಂತೆ ಕಲಿಸುವುದೇ ಲೇಸು.

ಒಂದೇ ಮಾತು, ಒಂದೇ ಅರ್ಥ

ಮೊದಲ ಪಾಠ ‘ರಾವ್’. ಕೊಂಕಣಿಯಲ್ಲಿ ‘ನಿಲ್ಲು’ ಎಂದು. ಅನ್ನದ ತಾಟು ಇಡುವ ಮುಂಚೆ ರಾವ್, ಬಾಗಿಲು ದಾಟುವ ಮುಂಚೆ ರಾವ್. ಕುತ್ತಿಗೆಗೆ ಮೂವತ್ತು ಅಡಿ ಹಗ್ಗ. ನಿಲ್ಲದಿದ್ದರೆ ಹೊಡೆಯುವುದಿಲ್ಲ, ಬೈಯುವುದಿಲ್ಲ. ಎತ್ತಿ ತಂದು ಓಡಿದ ಜಾಗದಲ್ಲೇ ಮತ್ತೆ ನಿಲ್ಲಿಸುವುದು. ದಿನಕ್ಕೆರಡು ಸಲ, ಹತ್ತೇ ನಿಮಿಷ. ಹೆಚ್ಚಾದರೆ ಮರಿಗೆ ಬೇಸರ ಬರುತ್ತದೆ.

ಎರಡು ವಾರ ಕಳೆದರೂ ಮೋತ್ಯಾ ಒಮ್ಮೆ ನಿಲ್ಲುತ್ತಿದ್ದ, ಒಮ್ಮೆ ಇಲ್ಲ. ಆಮೇಲೆ ಗೊತ್ತಾಯಿತು, ತೋಟದಲ್ಲಿ ನಾನು ‘ರಾವ್’, ಮನೆಯಲ್ಲಿ ನನ್ನಾಕೆ ‘ಏ, ನಿಂದರ್’, ಮಗ ‘ಥಾಂಬ್’. ಮೂರು ಭಾಷೆ ಕಲಿಯಲು ಅವನೇನು ಗಡಿಯಾಚೆ ವ್ಯಾಪಾರ ಮಾಡುವವನೇ? ಶಾಪಾಯ್ ಎಲ್ಲರನ್ನೂ ಕೂಡಿಸಿ ಬೈದರು. ಅಂದಿನಿಂದ ಮನೆಮಂದಿಗೆಲ್ಲ ಒಂದೇ ಮಾತು.

ನಂತರ ಬಿದಿರು ಕೋಲಿಗೆ ದಾರ, ದಾರಕ್ಕೆ ಊರ ಕೋಳಿಯ ರೆಕ್ಕೆ. ಹುಲ್ಲಿನ ಮೇಲೆ ಎಳೆದರೆ ಮರಿ ಹೊಂಚು ಹಾಕಿ ನಿಲ್ಲುತ್ತದೆ. ಈ ಆಟ ಸಾಕೆನ್ನುವ ಮುಂಚೆಯೇ ಬಿಡಬೇಕು. ಇಲ್ಲದಿದ್ದರೆ ಕಣ್ಣಿನಿಂದ ಹುಡುಕುವುದು ಕಲಿತು ಮೂಗು ಮರೆತುಬಿಡುತ್ತದೆ.

ಮೂಗಿನ ಪಾಠಕ್ಕೆ ನಮ್ಮದೇ ಕೋಳಿಯನ್ನು ಪಂಜರದಲ್ಲಿಟ್ಟು ಹುಲ್ಲಲ್ಲಿ ಮರೆಮಾಡಿದೆವು. ಗಾಳಿ ಎದುರಿಗೆ ಬರುವಂತೆ ನಾಯಿಯನ್ನು ನಡೆಸಬೇಕು. ಬೆಳಗಿನ ಇಬ್ಬನಿಯಲ್ಲಿ ವಾಸನೆ ನೆಲಕ್ಕೆ ಹಿಡಿದಿರುತ್ತದೆ, ಹತ್ತು ಗಂಟೆಯ ಬಿಸಿಲಿಗೆ ಆರಿಹೋಗುತ್ತದೆ. ವಾಸನೆ ತಾಗಿದೊಡನೆ ಮರಿ ತಾನೇ ನಿಂತಿತು. ನಿಲ್ಲುವುದು ರಕ್ತದಲ್ಲೇ ಇದೆ. ಯಜಮಾನ ಬಂದು ಮೈ ತಟ್ಟುವವರೆಗೆ, ಹಕ್ಕಿ ಹಾರಿದರೂ, ನಿಂತೇ ಇರುವುದನ್ನು ನಾವು ಕಲಿಸಬೇಕು. ಅದಕ್ಕೇ ಎಂಟು ತಿಂಗಳು ಹಿಡಿಯಿತು.

ಉಣ್ಣೆಯ ಬಗ್ಗೆಯೂ ಹುಷಾರಿರಬೇಕು. 2015ರಲ್ಲಿ ಇದೇ ಸತ್ತರಿಯ ಪಾಳಿ ಊರಿನಲ್ಲಿ ಮಂಗನ ಕಾಯಿಲೆ ಕಾಣಿಸಿತ್ತು. ತೋಟದಿಂದ ಬಂದ ಕೂಡಲೇ ನಾಯಿಯ ಕಿವಿ, ಕಾಲಿನ ಸಂದು, ನಮ್ಮ ಮೈ ಎಲ್ಲ ನೋಡಿಕೊಳ್ಳುತ್ತೇವೆ. 1999ರಲ್ಲಿ ಘೋಷಣೆಯಾದ ಮಹದಾಯಿ ಅಭಯಾರಣ್ಯ ಪಕ್ಕದಲ್ಲೇ ಇದೆ. ಅದರ ಗಡಿಯ ಕಡೆಗೆ ಮೋತ್ಯಾನನ್ನು ಒಯ್ಯುವುದೇ ಇಲ್ಲ.

ಮೆಷಿನ್ ಮುಂದೆ ಮೂಗು

ಈ ಫೆಬ್ರವರಿಯಲ್ಲಿ ಹುಲ್ಲು ಸವರುವ ಮುಂಚೆ ಹಗ್ಗ ಹಿಡಿದು ಮೋತ್ಯಾನನ್ನು ಸಾಲು ಸಾಲಾಗಿ ನಡೆಸಿದೆ. ಮೂರನೆಯ ಸಾಲಿನಲ್ಲಿ ಮುಂಗಾಲು ಮೇಲೆದ್ದಿತು. ಬಗ್ಗಿ ನೋಡಿದರೆ ಹತ್ತು ಹೆಜ್ಜೆ ಆಚೆ, ಒಣ ಎಲೆಯ ಬಣ್ಣದ ಬೆನ್ನು, ಮಿಟುಕದ ಒಂದು ಕಣ್ಣು. ಕಾವಿಗೆ ಕೂತ ಕಾಡುಕೋಳಿ. ಸದ್ದಿಲ್ಲದೆ ಹಿಂದೆ ಸರಿದು, ದೂರದಲ್ಲಿ ನಾಲ್ಕು ಗೂಟ ನೆಟ್ಟು, ಅಷ್ಟು ಹುಲ್ಲು ಹಾಗೇ ಬಿಟ್ಟೆವು. ಎರಡು ಮರದ ಬೀಜ ಹೆಕ್ಕುವುದು ತಡವಾಯಿತು. ನಷ್ಟ ಅಂದರೆ ಅಷ್ಟೇ.

ಹಕ್ಕಿಗಳಿಂದ ರೈತನಿಗೆ ಕಾಟ ಇಲ್ಲವೆಂದು ನಾ ಹೇಳುವುದಿಲ್ಲ. 2016ರಲ್ಲಿ ಗೋವಾ ಸರಕಾರದಲ್ಲೇ ನವಿಲನ್ನು ಉಪದ್ರವಿ ಪಟ್ಟಿಗೆ ಸೇರಿಸುವ ಮಾತೆದ್ದು ದೊಡ್ಡ ಸುದ್ದಿಯಾಗಿತ್ತು. ನನ್ನ ಬದನೆ, ಮೆಣಸಿನ ಸಸಿಯನ್ನೂ ನವಿಲು ಕುಕ್ಕಿದೆ. ಅದಕ್ಕೆ ಬಲೆಯ ಹೊದಿಕೆ ಹಾಕಿದ್ದೇನೆ. ಆದರೆ ಗೂಡಿನ ಮೇಲೆ ಬ್ಲೇಡು ಹಾಯಿಸಿದ ದಿನ ನನಗೆ ಊಟ ಸೇರಿರಲಿಲ್ಲ.

ಮೊನ್ನೆ ಚೋರ್ಲಾ ಘಾಟ್ ಇಳಿದು ಬಂದ ಬೆಳಗಾವಿಯ ವ್ಯಾಪಾರಿಯೊಬ್ಬರು ಮೋತ್ಯಾ ನಿಲ್ಲುವುದನ್ನು ನೋಡಿ, “ಅಣ್ಣಾರ, ಇಪ್ಪತ್ತು ಸಾವಿರ ಕೊಡ್ತೀನಿ. ಬುರ್ಲಿ ಹೊಡ್ಯಾಕ ಇಂಥಾ ನಾಯಿ ಸಿಗೂದಿಲ್ರಿ” ಅಂದರು. “ಅವ ಕೋವಿ ಸಪ್ಪಳಾನೇ ಕೇಳಿಲ್ರಿ, ಕೇಳೂದೂ ಬ್ಯಾಡ” ಎಂದು ಚಹಾ ಕುಡಿಸಿ ಕಳಿಸಿದೆ.

ಒಂದು ತೊಂದರೆ ಮಾತ್ರ ಉಳಿದಿದೆ. ಕಳೆದ ವಾರ ವಾಳಪೈ ಪೇಟೆಯಲ್ಲಿ ಯಾರೋ ಬಸ್ಸಿಗೆ “ರಾವ್, ರಾವ್!” ಎಂದು ಕೂಗಿದರು. ಮೋತ್ಯಾ ನಡುರಸ್ತೆಯಲ್ಲೇ ಕಲ್ಲಾಗಿ ನಿಂತ. ಹಿಂದೆ ಬಸ್ಸು, ಅದರ ಹಿಂದೆ ಮೀನಿನ ಟೆಂಪೊ, ಎಲ್ಲವೂ ಹಾರ್ನ್ ಹೊಡೆಯುತ್ತ ನಿಂತವು. ನಾನು ಓಡಿಹೋಗಿ ಮೈ ತಟ್ಟಿದ ಮೇಲೆಯೇ ಅವ ಕದಲಿದ್ದು.