ಸೀಟಿನ ಗಾಳಿ ಹೋಯ್ತಾ? ಬಕೆಟ್ ನೀರಲ್ಲಿ ಮುಳುಗಿಸಿ ನೋಡಿ

ಹೊಸೂರು: ದೇಶದ ಮೊದಲ ಎರಡು ಸೀಟಿನ ಮೊಪೆಡ್ ಎನಿಸಿದ ಟಿವಿಎಸ್ 50, 1980ರಲ್ಲಿ ಹೊರಬಂದದ್ದು ಹೊಸೂರಿನ ಕಾರ್ಖಾನೆಯಿಂದ. ಗಾಡಿ ತಯಾರಿಸುವ ಈ ಊರಿನಲ್ಲಿ ದಿನವೂ ಗಾಡಿ ಮೇಲೆ ಗಂಟೆಗಟ್ಟಲೆ ಕೂರುವವರೂ ಬಹಳ. ಬಾಗಲೂರು, ಮತ್ತಿಗಿರಿ, ತಳಿ ಕಡೆಯ ಕನ್ನಡ ಮನೆಗಳಿಂದ ಅತ್ತಿಬೆಲೆ ದಾಟಿ ಬೊಮ್ಮಸಂದ್ರ, ಎಲೆಕ್ಟ್ರಾನಿಕ್ ಸಿಟಿಗೆ ಬೈಕಿನಲ್ಲಿ ಕೆಲಸಕ್ಕೆ ಹೋಗಿ ಬರುವವರಿಗೆ ಸಂಜೆ ಸೊಂಟ ಹಿಡಿದುಕೊಳ್ಳುವುದು ಹೊಸದೇನಲ್ಲ.

ಇಂಥವರಿಗೆ ಗಾಳಿ ತುಂಬುವ ಸೀಟು ದಿಂಬು ಒಂದು ಆಸರೆ. ಆದರೆ ಒಳ್ಳೆಯ ದಿಂಬಿಗೆ ಸಾವಿರಗಟ್ಟಲೆ ರೂಪಾಯಿ. ಅದು ಸೋರತೊಡಗಿದರೆ ಎಸೆಯಬೇಕಿಲ್ಲ, ಮನೆಯಲ್ಲೇ ಸರಿಮಾಡಿಕೊಳ್ಳಬಹುದು.

ಗಾಲಿಕುರ್ಚಿಯಿಂದ ಬೈಕಿಗೆ

ಒಂದಕ್ಕೊಂದು ಕೂಡಿಕೊಂಡ ಸಣ್ಣ ಗಾಳಿಗೂಡುಗಳ ಈ ದಿಂಬು ಮೊದಲು ಬಂದದ್ದು ಬೈಕಿಗಾಗಿ ಅಲ್ಲ. ಗಾಲಿಕುರ್ಚಿಯಲ್ಲೇ ದಿನ ಕಳೆಯುವವರಿಗೆ ಒತ್ತಡದಿಂದ ಹುಣ್ಣಾಗುವುದನ್ನು ತಡೆಯಲು ಅಮೆರಿಕದ ಎಂಜಿನಿಯರ್ ರಾಬರ್ಟ್ ಗ್ರೇಬ್ 1970ರ ದಶಕದಲ್ಲಿ ಇದನ್ನು ರೂಪಿಸಿದರು. ಕೂತಾಗ ಗಾಳಿ ಒಂದು ಗೂಡಿನಿಂದ ಇನ್ನೊಂದಕ್ಕೆ ಹರಿದು ಭಾರ ಹಂಚಿಹೋಗುತ್ತದೆ. ಹಾಗಾಗಿ ಒಂದು ಗೂಡು ತೂತಾದರೂ ಇಡೀ ದಿಂಬು ಚಪ್ಪಟೆ.

ಸೋರಿಕೆಯೋ, ಹವೆಯೋ?

ದಿಂಬು ಮೆತ್ತಗಾದ ಕೂಡಲೇ ತೂತು ಬಿತ್ತು ಅಂದುಕೊಳ್ಳಬೇಡಿ. ಬೆಳಗಿನ 20 ಡಿಗ್ರಿಯಲ್ಲಿ ತುಂಬಿದ ಗಾಳಿ ಬಿಸಿಲಲ್ಲಿ ನಿಂತ ಸೀಟಿನ ಮೇಲೆ 45 ಡಿಗ್ರಿಗೆ ಏರಿದರೆ ನೂರಕ್ಕೆ ಎಂಟು ಪಾಲಿನಷ್ಟು ಹಿಗ್ಗುತ್ತದೆ. ರಾತ್ರಿ ತಣ್ಣಗಾದಾಗ ಮತ್ತೆ ಕುಗ್ಗುತ್ತದೆ. ಹೊಸೂರು ಎತ್ತರದಲ್ಲಿದೆ, ಕೃಷ್ಣಗಿರಿ ತಗ್ಗಿನಲ್ಲಿದೆ. ಶೂಳಗಿರಿ ದಾಟಿ ಇಳಿದಂತೆ ಹೊರಗಿನ ವಾಯುಭಾರ ಹೆಚ್ಚಿ ದಿಂಬು ಸ್ವಲ್ಪ ಸಡಿಲವಾಗುತ್ತದೆ, ಹತ್ತುವಾಗ ಬಿಗಿಯಾಗುತ್ತದೆ. ನಿಂತ ಜಾಗದಲ್ಲೇ, ನೆರಳಿನಲ್ಲೇ ಗಾಳಿ ಇಳಿದರೆ ಮಾತ್ರ ಸೋರಿಕೆ.

ತೂತು ಹುಡುಕುವ ಬಗೆ

ಕವರ್ ಬಿಚ್ಚಿ, ದಿಂಬಿಗೆ ಬಾಯಿಂದಲೋ ಕೈಪಂಪಿನಿಂದಲೋ ಗಾಳಿ ತುಂಬಿ. ಪೆಟ್ರೋಲ್ ಬಂಕಿನ ಗಾಳಿ ಬೇಡ, ಒಂದೇ ಏಟಿಗೆ ಜೋಡಣೆ ಬಿಟ್ಟುಹೋದೀತು. ಮೊದಲು ವಾಲ್ವಿಗೆ ಸೋಪಿನ ನೀರು ಸವರಿ. ಗುಳ್ಳೆ ಎದ್ದರೆ ದೂಳು ಸಿಕ್ಕಿರಬಹುದು, ತಿರುವು ಸಡಿಲವಿರಬಹುದು. ತೊಳೆದು ಬಿಗಿ ಮಾಡಿದರೆ ಸಾಕು. ಅಲ್ಲಿ ಗುಳ್ಳೆ ಇಲ್ಲದಿದ್ದರೆ ದಿಂಬನ್ನು ಬಕೆಟ್ ನೀರಿನಲ್ಲಿ ಒಂದೊಂದೇ ಭಾಗ ಮುಳುಗಿಸಿ, ಗೂಡುಗಳನ್ನು ಮೆಲ್ಲಗೆ ಬಿಡಿಸಿ ನೋಡಿ. ಗುಳ್ಳೆ ಬರುವ ಜಾಗಕ್ಕೆ ಪೆನ್ನಿನಿಂದ ಗುರುತು ಹಾಕಿ.

ಗಮ್ ತಪ್ಪಿದರೆ ಕೆಲಸ ಕೆಟ್ಟಿತು

ಹೆಚ್ಚಿನವರು ಎಡವುವುದು ಇಲ್ಲೇ. ಪಂಕ್ಚರ್ ಅಂಗಡಿಯ ಸಲ್ಯೂಶನ್ ಇರುವುದು ರಬ್ಬರಿಗೆ. ದಿಂಬು ರಬ್ಬರಿನದಾದರೆ ಸೈಕಲ್ ಟ್ಯೂಬಿಗೆ ಹಾಕುವ ಪ್ಯಾಚೇ ನಿಲ್ಲುತ್ತದೆ. ಆದರೆ ಬಹಳಷ್ಟು ದಿಂಬುಗಳು ವಿನೈಲ್ ಇಲ್ಲವೇ ಪಾಲಿಯುರೆಥೇನ್‌ನವು. ಅದರ ಮೇಲೆ ಈ ಪ್ಯಾಚ್ ನಾಲ್ಕು ದಿನಕ್ಕೇ ಎದ್ದು ಬರುತ್ತೆ. ಅದಕ್ಕೆ ಗಾಳಿ ಹಾಸಿಗೆ, ಗಾಳಿ ದೋಣಿಗಳಿಗೆ ಬಳಸುವ, ಒಣಗಿದ ಮೇಲೂ ಬಾಗುವ ಗಮ್ಮೇ ಆಗಬೇಕು. ಕ್ಷಣದಲ್ಲಿ ಅಂಟುವ ಗಮ್ ಗಟ್ಟಿಯಾಗಿ, ಕೂತ ಕೂಡಲೇ ಬಿರುಕು ಬಿಡುತ್ತದೆ.

ಗಾಳಿ ಪೂರ್ತಿ ತೆಗೆದು, ಜಾಗ ಒಣಗಿಸಿ, ಸ್ಪಿರಿಟ್ ಹಾಕಿದ ಬಟ್ಟೆಯಿಂದ ಒರೆಸಿ. ಪೆಟ್ರೋಲ್, ಥಿನ್ನರ್ ಮುಟ್ಟಿಸಬೇಡಿ. ತೂತಿನ ಸುತ್ತ ಎರಡು ಸೆಂಟಿಮೀಟರ್ ಅಗಲ ಬರುವಂತೆ ಅದೇ ಬಗೆಯ ಹಾಳೆಯ ತುಂಡನ್ನು ಮೂಲೆ ದುಂಡಗೆ ಕತ್ತರಿಸಿ ಅಂಟಿಸಿ, ಮೇಲೆ ಭಾರ ಇಟ್ಟು ಒಂದು ದಿನ ಬಿಡಿ. ಜೋಡಣೆಯ ಅಂಚಿನಲ್ಲೇ ಬಿಟ್ಟಿದ್ದರೆ ಪ್ಯಾಚ್ ನಿಲ್ಲುವುದು ಕಷ್ಟ. ವಾರಂಟಿ ಇದ್ದರೆ ಅಂಗಡಿಗೇ ಒಯ್ಯುವುದು ಮೇಲು.

ರಾತ್ರಿ ಇಟ್ಟು ನೋಡಿ

ಸರಿಮಾಡಿದ ದಿಂಬಿಗೆ ಗಾಳಿ ತುಂಬಿ, ಮನೆಯೊಳಗೆ ಒಂದು ರಾತ್ರಿ ಇಟ್ಟು ಬೆಳಿಗ್ಗೆ ಒತ್ತಿ ನೋಡಿ. ನಂತರವೇ ಸೀಟಿಗೆ ಕಟ್ಟಿ. ಗಟ್ಟಿಯಾಗಿ ತುಂಬಬಾರದು, ಕೂತಾಗ ದೇಹಕ್ಕೂ ಸೀಟಿಗೂ ನಡುವೆ ಬೆರಳಿನ ದಪ್ಪ ಗಾಳಿ ಉಳಿದರೆ ಸಾಕು. ಪಟ್ಟಿ ಬಿಗಿ ಇರಲಿ. ದಿಂಬು ಉಬ್ಬಿ ಜಾರಿದರೆ, ಕಾಲು ನೆಲಕ್ಕೆ ಸರಿಯಾಗಿ ಎಟುಕದಿದ್ದರೆ, ಲಾರಿಗಳ ನಡುವಿನ ಹೆದ್ದಾರಿಯಲ್ಲಿ ಅಪಾಯ ಸೊಂಟಕ್ಕೆ ಮಾತ್ರವಲ್ಲ.